ನಾನು ಓದದೆ ಬಿಟ್ಟ ಸಾಲು

ನನ್ನ ಗಂಡನಿಗೆ ಯಾವ ಔಷಧ ಎಂದು ನಿರ್ಧರಿಸುವುದು ಡಾಕ್ಟರಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ. ಮುಂಬೈಗೆ ಬಂದ ಮೂರನೆಯ ದಿನ ಆಸ್ಪತ್ರೆಯಲ್ಲಿ ಅವರಿಲ್ಲದ ಹೊತ್ತಿನಲ್ಲಿ ಈ ಮಾತು ಕೇಳಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನಾನು ನಾಗಮಂಗಲದವಳು, ಕೆ.ಆರ್. ಪೇಟೆಯ ಹೈಸ್ಕೂಲಿನಲ್ಲಿ ಹಿಂದಿ ಟೀಚರು. ಗಂಡ ನಾಗರಾಜು ಸಿಂಧಘಟ್ಟದವರು, ಮಾಕವಳ್ಳಿ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಅವರ ಕುತ್ತಿಗೆಯಲ್ಲಿ ಗಂಟುಗಳಾಗಿ ಕಾಣಿಸಿಕೊಂಡಿದ್ದ ಲಿಂಫೋಮಾ ಎಂಬ ಕ್ಯಾನ್ಸರು ಮೈಸೂರಿನ ಚಿಕಿತ್ಸೆಗೆ ಕರಗಿ, ಎರಡು ವರ್ಷಕ್ಕೆ ಮರಳಿತ್ತು. ಮುಂಬೈಯಲ್ಲಿ ಹೊಸ ಔಷಧ ಸೇರಿಸಿ ಪ್ರಯೋಗ ನಡೆಯುತ್ತಿದೆ ಎಂದು ತಿಳಿದು ಬಂದೆವು.

ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು. "ನೀನೇ ಓದಮ್ಮಿ, ಕೇಳ್ತೀನಿ" ಎಂದರು. ಓದಿದೆ. ರೋಗಿಗಳಲ್ಲಿ ಎರಡು ಗುಂಪು: ಒಂದಕ್ಕೆ ರೂಢಿಯ ಕಿಮೋ ಮಾತ್ರ, ಇನ್ನೊಂದಕ್ಕೆ ಅದರ ಜೊತೆಗೆ ಹೊಸ ಔಷಧ. ಯಾರು ಯಾವ ಗುಂಪಿಗೆ ಎಂಬುದು ನಮ್ಮ ಕೈಯಲ್ಲಿಲ್ಲ. ಆ ಕೊನೆಯ ಸಾಲನ್ನು ಮಾತ್ರ ನಾನು ಓದದೆ ಮುಂದಕ್ಕೆ ಹೋದೆ. ಅವರ ಮುಖದಲ್ಲಿ ಆಸೆ ಮೂಡಿ ಎಷ್ಟು ದಿನವಾಗಿತ್ತೋ. ಅವರು ಸಹಿ ಮಾಡಿದರು.

ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಒಂದು ಖೋಲಿ ಸಿಕ್ಕಿತು. ಖೋಲಿ ಎಂದರೆ ಕೋಣೆ. ಅಡುಗೆ, ಊಟ, ನಿದ್ದೆ ಎಲ್ಲ ಅದರೊಳಗೇ. ಊರಿನಲ್ಲಿ ನಮ್ಮ ಅಡುಗೆಮನೆಯೇ ಇದಕ್ಕಿಂತ ದೊಡ್ಡದು. ರಾಗಿಗಾಗಿ ಅಂಗಡಿ ಅಂಗಡಿ ಅಲೆದೆ. "ಮಡುವಾ ಇದೆಯಾ?" ಎಂದು ನಿಘಂಟಿನ ಹಿಂದಿಯಲ್ಲಿ ಕೇಳಿದರೆ ಅಂಗಡಿಯವರು ಮಿಕಮಿಕ ನೋಡುತ್ತಿದ್ದರು. ಕೊನೆಗೆ ಮನೆಯೊಡತಿ ನಕ್ಕು "ನಾಚಣಿ" ಎಂದರು. ಆ ಒಂದು ಮರಾಠಿ ಪದ ಕಲಿತ ದಿನ ಮುದ್ದೆ ಕಟ್ಟಿದೆ. ಇಪ್ಪತ್ತು ವರ್ಷ ಪಾಠ ಹೇಳಿದ್ದಕ್ಕಿಂತ ಹೆಚ್ಚಿನ ಹೆಮ್ಮೆ ಆಯಿತು.

ಮರುದಿನವೇ ಯಾವ ಗುಂಪು ಎಂಬುದು ತಿಳಿಯಿತು. ಅವರಿಗೆ ಬಂದದ್ದು ರೂಢಿಯ ಕಿಮೋ.

"ಅಂಗಾದ್ರೆ ಇಷ್ಟು ದೂರ ಬಂದಿದ್ದು ಇದುಕ್ಕಾ?" ಎಂದರು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನಾನೇ ಓದ್ನಿಲ್ಲ."

"ನಂಗೆ ಬಂದಿರೋ ಕಾಯ್ಲೆನ ನಂಗೇ ಮುಚ್ಚಿಟ್ಟು ಓದ್ದಲ್ಲ ಕಣಮ್ಮಿ" ಎಂದು ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡರು.

ಎರಡು ದಿನ ಖೋಲಿಯ ಹೊರಗಿನ ಮೆಟ್ಟಿಲ ಮೇಲೆ ಕೂತು ಆ ಪತ್ರವನ್ನು ಬೆರಳಿಟ್ಟು ಓದಿದರು. ಎದ್ದು ಗಲ್ಲಿಯ ಕೊನೆಯವರೆಗೆ ನಡೆದು, ವಾಪಸ್ ಬಂದು ಮತ್ತೆ ಓದುತ್ತಿದ್ದರು. ನಾನು ಒಳಗೆ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ, ತೆಗೆದೆ, ಮತ್ತೆ ತುಂಬಿದೆ. ಮೂರನೆಯ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳಿದರು: "ಬೇಡ ಅಂದ್ರೆ ಯಾವಾಗ್ ಬೇಕಾದ್ರೂ ಬುಟ್ಟೋಗ್ಬೋದಂತೆ. ಬುಟ್ಟೋದ್ರೂ ಇದೇ ಔಸ್ದಿ, ಇದ್ರೂ ಇದೇ ಔಸ್ದಿ. ಇದ್ರೆ ನಂಗೇನಾಯ್ತು ಅಂತ ಬರ್ಕೊತಾರೆ. ನಮ್ಮಿಂದೆ ಬರೋರ್ಗಾದ್ರೂ ಯಾವ್ದು ಮೇಲು ಅಂತ ತಿಳೀಲಿ. ಇರ್ತೀನಿ. ಆದ್ರೆ ಇನ್ಮೇಲೆ ಕಾಗ್ದ ನಾನೇ ಓದೋದು."

"ಆಯ್ತು" ಎಂದೆ. ಕಣ್ಣೊರೆಸಿಕೊಳ್ಳಲು ಒಳಗೆ ಬೇರೆ ಕೋಣೆಯೂ ಇರಲಿಲ್ಲ.

ಕಿಮೋದ ಮೂರು ಸುತ್ತು ಮುಗಿದ ಮೇಲಿನ ಸ್ಕ್ಯಾನ್‌ನಲ್ಲಿ ಗಂಟುಗಳು ಕುಗ್ಗಿದ್ದವು, ಪೂರ್ತಿ ಹೋಗಿರಲಿಲ್ಲ. ಅವರೇ ವರದಿ ಓದಿ ನನಗೆ ಹೇಳಿದರು, ಒಂದು ಸಾಲೂ ಬಿಡದೆ. ಚಿಕಿತ್ಸೆ ಇನ್ನೂ ಉಳಿದಿದೆ. ಅದರ ಕೊನೆಗೆ ಏನು ಎಂಬುದು ನಮಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

ಮಧ್ಯೆ ಒಂದು ವಾರದ ಬಿಡುವಿಗೆ ಊರಿಗೆ ಬಂದೆವು; ಸೋಮವಾರ ಮತ್ತೆ ಮುಂಬೈಗೆ ಹೊರಡಬೇಕು. ಬಂದಾಗಿನಿಂದ ಇಬ್ಬರಿಗೂ ನಿಂತ ಕಡೆ ನಿಲ್ಲಲಾಗುತ್ತಿಲ್ಲ. ಅಲ್ಲಿ ಇಕ್ಕಟ್ಟಾಗಿತ್ತು, ಇಲ್ಲಿ ಮನೆ ಬಿಕೋ ಎನ್ನುತ್ತದೆ. ನಿನ್ನೆ ಸಿಂಧಘಟ್ಟದಲ್ಲಿ ಅವರ ಅತ್ತಿಗೆ "ಯಾವಾಗ ಬಂದ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ "ಯಾವಾಗ ಓಯ್ತೀರಿ?" ಎಂದರು.

"ಸೋಮ್ವಾರ ಮನೆಗೆ ಓಗ್ಬೇಕು ಅತ್ಗೆ" ಎಂದರು ಇವರು.

ಅಂದ ಮೇಲೆ ತಾವೇ ತಡೆದುಕೊಂಡು, ತಾವು ಹುಟ್ಟಿ ಬೆಳೆದ ಆ ಹಜಾರವನ್ನು ಒಮ್ಮೆ ಸುತ್ತ ನೋಡಿದರು. ನಾನು ತಿದ್ದಲಿಲ್ಲ.