ಕೂರುವ ಬದಿ, ಮಲಗುವ ಬದಿ

ರತ್ನಾವತಿಗೆ ಯಾರ ಬಂಗಾರ ಕಂಡೂ ಹೊಟ್ಟೆ ಉರಿದದ್ದಿಲ್ಲ. ಎಲ್ಲರೂ ಬೌದಿ, ಅಂದರೆ ಅತ್ತಿಗೆ, ಎಂದು ಕರೆಯುವ ಕೆಳಗಿನ ಮನೆಯ ಬಂಗಾಳಿ ಹೆಂಗಸು ದುರ್ಗಾಪೂಜೆಯಲ್ಲಿ ದಿನಕ್ಕೊಂದು ಹೊಸ ಸೀರೆ ಉಟ್ಟರೆ ಇವಳು ಮೆಟ್ಟಿಲಿಳಿದು ಹೋಗಿ, ಸೆರಗು ಮುಟ್ಟಿ ನೋಡಿ, ಬಾಯ್ತುಂಬ ಹೊಗಳಿ ಬರುವಳು. ಆದರೆ ದೇವರು ಪ್ರತಿಯೊಬ್ಬರಿಗೂ ಎಲ್ಲೋ ಒಂದು ಕಡೆ ಚರ್ಮ ತೆಳ್ಳಗೆ ಇಟ್ಟಿರುತ್ತಾನೆ. ಇವಳಿಗೆ ಇಟ್ಟದ್ದು ಕುಶನ್ನಿನ ವಿಷಯದಲ್ಲಿ. ಇನ್ನೊಬ್ಬಳು ಹೊಲಿದ ಕುಶನ್ನನ್ನು ಇವಳ ಎದುರಿಗೆ ಯಾರಾದರೂ ಚಂದ ಅಂದರೆ ಮುಗಿಯಿತು, ಅವತ್ತು ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು.

ಅವಳ ಹೆಮ್ಮೆ ಸುಳ್ಳು ಹೆಮ್ಮೆಯೇನೂ ಅಲ್ಲ. ಉಡುಪಿ ಕಡೆಯಿಂದ ಮದುವೆಯಾಗಿ ಬಂಗಾಳಕ್ಕೆ ಬಂದಾಗ ಗಂಡ ವೆಂಕಪ್ಪನಿಗೆ ಪಾರ್ಕ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಒಂದು ಸಣ್ಣ ಹೋಟೆಲು, ಭವಾನೀಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಕೋಣೆ ಎರಡೇ ಆದರೂ ಬರುವವರಿಗೆ ಕೊನೆಯಿಲ್ಲ. ಹೋಟೆಲಿಗೆ ಹೊಸದಾಗಿ ಸೇರಿದ ಅಡುಗೆಯವರು, ಗಯೆಗೆ ಹೊರಟ ನೆಂಟರು, ನೆಂಟರ ನೆಂಟರು. ಕುರ್ಚಿ ಇಟ್ಟರೆ ಮಲಗಲು ಜಾಗವಿಲ್ಲ, ಮಂಚ ಹಾಕಿದರೆ ಕೂರಲು ಜಾಗವಿಲ್ಲ. ಆಗ ರತ್ನಾವತಿ ತಲೆ ಓಡಿಸಿದಳು. ಚಳಿಗಾಲದಲ್ಲಿ ಬಿಲ್ಲು ಮಿಡಿಯುತ್ತ ಬೀದಿಗೆ ಬರುವ ಹತ್ತಿ ಹಿಂಜುವವನಿಂದ ಬೂರುಗದ ಹತ್ತಿ ತೆಗೆದುಕೊಂಡು, ದಪ್ಪನೆಯ ಚೌಕ ಕುಶನ್ನುಗಳನ್ನು ಹೊಲಿದಳು. ಮೂರನ್ನು ಒಂದರ ಮೇಲೊಂದು ಇಟ್ಟರೆ ಸ್ಟೂಲು. ಸಾಲಾಗಿ ಜೋಡಿಸಿ ಪಟ್ಟಿ ಕಟ್ಟಿದರೆ ಹಾಸಿಗೆ. ಗೋಡೆಗೆ ನಿಲ್ಲಿಸಿದರೆ ಒರಗುದಿಂಬು. ಬಿಡಿಯಾಗಿ ತೆಗೆದರೆ ತಲೆದಿಂಬು.

ತಲೆದಿಂಬು ಎಂದಲ್ಲಿ ಮಾತ್ರ ಒಂದು ತೊಡಕಿತ್ತು. ತಲೆ ಇಡುವ ದಿಂಬಿನ ಮೇಲೆ ಕೂತರೆ ಕುರು ಏಳುತ್ತದೆ ಎಂದು ಅವಳ ಅಜ್ಜಿ ಬೆನ್ನಿಗೆ ಗುದ್ದಿ ಕಲಿಸಿದ್ದಳು. ಇಲ್ಲಿಗೆ ಬಂದು ನೋಡಿದರೆ ಬೌದಿಯೂ ತನ್ನ ಮಕ್ಕಳಿಗೆ ಅದನ್ನೇ ಹೇಳಿ ಬೈಯುತ್ತಿದ್ದಳು. ಊರು ಬದಲಾದರೂ ಕುರು ಬದಲಾಗಲಿಲ್ಲ. ಹಾಗಾದರೆ ಹಗಲು ಕೂತದ್ದರ ಮೇಲೆ ರಾತ್ರಿ ತಲೆ ಇಡುವುದು ಹೇಗೆ? ರತ್ನಾವತಿ ಕುಶನ್ನಿಗೆ ಎರಡು ಬದಿ ಮಾಡಿದಳು. ಕೂರುವ ಬದಿಯ ನಟ್ಟನಡುವೆ ಬಟ್ಟೆ ಸುತ್ತಿದ ದೊಡ್ಡ ಬಟನ್ ಒಂದನ್ನು ಬಿಗಿದಳು. ಮರೆತು ಆ ಬದಿಗೆ ತಲೆಯಿಟ್ಟರೆ ಬಟನ್ ಕಿವಿಗೆ ಒತ್ತಿ, ತಪ್ಪಾಯಿತೆಂದು ತಾನೇ ಹೇಳುತ್ತಿತ್ತು. ಮಗಳು ಶರಣ್ಯಾ ಅಕ್ಷರ ಕಲಿಯುವ ಮೊದಲು ಕಲಿತದ್ದು ಇದನ್ನು: ಬಟನ್ ಮೇಲಿದ್ದರೆ ಕೂರಬಹುದು, ಇಲ್ಲದಿದ್ದರೆ ಇಲ್ಲ.

ಊರಿನ ಕನ್ನಡದವರ ಮನೆಗಳಿಗೆಲ್ಲ ಈ ಬಟನ್ ಕುಶನ್ನುಗಳು ಹೋದವು. ಕನ್ನಡ ಸಂಘದ ಗಣೇಶೋತ್ಸವಕ್ಕೆ ಹಿರಿಯರು ಕೂರುವುದು ರತ್ನಕ್ಕನ ಕುಶನ್ನಿನ ಮೇಲೆ ಎಂಬುದು ರೂಢಿಯೇ ಆಯಿತು. ಕೋಕಿಲಾ ಬರುವ ತನಕ.

ಕೋಕಿಲಾ ಮೈಸೂರಿನವಳು. ಅವಳ ಗಂಡ ನರಸಿಂಹಮೂರ್ತಿ ಬಾರಾನಗರದ ಸಂಶೋಧನಾ ಸಂಸ್ಥೆಗೆ ಕೆಲಸಕ್ಕೆ ಬಂದವರು. ಬಂದ ವರ್ಷವೇ ಅವಳು ಇಲ್ಲಿನ ಹೆಂಗಸರಿಂದ ಕಾಂಥಾ ಹೊಲಿಗೆ ಕಲಿತು ಗಣೇಶನ ಮಂಟಪದ ಮುಂದೆ ಆರು ಕುಶನ್ ತಂದಿಟ್ಟಳು. ಒತ್ತಾದ ಸಣ್ಣ ಹೊಲಿಗೆಗಳಲ್ಲಿ ಬಳ್ಳಿ, ಎಲೆ, ಮೀನು. ಜನ ಗಣೇಶನನ್ನು ಬಿಟ್ಟು ಅವುಗಳ ಫೋಟೋ ತೆಗೆದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂದುಕೊಂಡು ರತ್ನಾವತಿ ಸುಮ್ಮನಾದಳು. ಆದರೆ ಮುಂದಿನ ವರ್ಷ ಹಿರಿಯರು ಕೂತದ್ದೂ ಅವುಗಳ ಮೇಲೆಯೇ. ಬಟನ್ ಕುಶನ್ನುಗಳು ಚಪ್ಪಲಿ ಬಿಡುವ ಕೋಣೆಯಲ್ಲಿ, ಪಾತ್ರೆ ಕಾಯುವವರ ಕೆಳಗೆ ಹೋದವು. ಅವತ್ತು ಅವಳ ಹೊಟ್ಟೆಯಲ್ಲಿ ಹೊತ್ತಿದ ಕಿಚ್ಚು ಹೂಗ್ಲಿ ನದಿಯ ನೀರೆಲ್ಲ ಸುರಿದರೂ ಆರುವಂಥದ್ದಾಗಿರಲಿಲ್ಲ.

ಇದರ ಮೇಲೆ ಕೋಕಿಲಾ ಒಂದು ದಿನ ಮನೆಗೇ ಬಂದಳು. ಬಟನ್ ಕುಶನ್ನಿನ ಮೇಲೆ ಕೂತು, ಅದನ್ನೆತ್ತಿ ತಿರುಗಿಸಿ, ಒತ್ತಿ ನೋಡಿದಳು.

"ರತ್ನಕ್ಕ, ಇದನ್ನ ಒಳಗಿಂದ ಹೇಗೆ ಬಿಗೀತೀರಿ? ನಾನು ಮಾಡಿದ್ರೆ ಎರಡೇ ದಿನಕ್ಕೆ ಕಿತ್ಕೊಂಡು ಬರುತ್ತೆ ಕಣ್ರೀ. ನಂಗೂ ಸ್ವಲ್ಪ ಹೇಳಿಕೊಡಿ."

"ಅದರಲ್ಲಿ ಎಂತದೂ ಇಲ್ಲ. ಸುಮ್ನೆ ಹೊಲಿಯುದು," ಎಂದಳು ರತ್ನಾವತಿ. ಕಾಫಿ ಕೊಟ್ಟಳು, ಕೋಡುಬಳೆ ಕೊಟ್ಟಳು, ಬಾಗಿಲವರೆಗೂ ಹೋಗಿ ಕಳಿಸಿಕೊಟ್ಟಳು. ಬಟನ್ನಿನ ಗುಟ್ಟು ಮಾತ್ರ ಕೊಡಲಿಲ್ಲ.

ಈ ಉರಿಯೆಲ್ಲ ಹೊರಗಿನದು, ಹೇಗೋ ತಡೆದುಕೊಳ್ಳಬಹುದಾಗಿತ್ತು. ಮನೆಯೊಳಗೇ ಬಿದ್ದ ಕಿಡಿಗೆ ಏನು ಮಾಡುವುದು? ಶರಣ್ಯಾ ಮದುವೆಯಾಗಿ, ಅವಳೂ ಗಂಡ ಮಿಥುನ್‌ನೂ ಊರಂಚಿನ ಜೋಕಾದಲ್ಲಿ ಒಂದು ಪುಟ್ಟ ಫ್ಲ್ಯಾಟ್ ಹಿಡಿದರು. ಒಂದೇ ಕೋಣೆ, ಒಂದು ಹಾಲ್. ಸೋಫಾ ಇಟ್ಟರೆ ಉಸಿರು ಕಟ್ಟುವಂಥ ಜಾಗ. ನನ್ನ ಕುಶನ್ ಹುಟ್ಟಿದ್ದೇ ಇಂಥ ಮನೆಗೆ ಎಂದು ರತ್ನಾವತಿ ಬಟ್ಟೆಯ ಬಣ್ಣವನ್ನೂ ಮನಸ್ಸಿನಲ್ಲೇ ಆರಿಸಿ ಇಟ್ಟಿದ್ದಳು. ಮಗಳು ಫೋನಿನಲ್ಲಿ ಹೇಳಿದ್ದು ಬೇರೆಯೇ.

"ಅಮ್ಮಾ, ಸೀಟಿಂಗ್ ಎಲ್ಲ ಕೋಕಿಲಾ ಆಂಟಿಗೆ ಹೇಳಿದ್ದೇನೆ."

"ಯಾರಿಗೆ?"

"ಕೋಕಿಲಾ ಆಂಟಿಗೆ. ನಿಂಗೆ ಫಿಂಗರ್ ಪೇನ್ ಉಂಟಲ್ಲ, ಡಾಕ್ಟರ್ ಸೂಜಿ ಹಿಡೀಬೇಡಿ ಅಂದಿದ್ರು ನಾ? ನೀನು ಸುಮ್ನೆ ರೆಸ್ಟ್ ಮಾಡು."

ಬೆರಳು ನೋವು ಎಂದದ್ದು ರತ್ನಾವತಿಯ ಕಿವಿಗೆ ಬೀಳಲಿಲ್ಲ. ಕೋಕಿಲಾ ಎಂದದ್ದು ಮಾತ್ರ ಬಿತ್ತು. ಹಿತ್ತಲ ಗಿಡ ಮದ್ದಲ್ಲ, ಸರಿ. ಆದರೆ ಹೆತ್ತ ಮಗಳೇ ಹಿತ್ತಲ ಬಾಗಿಲು ಹಾಕಿ ಪಕ್ಕದ ಬೇಲಿ ಹಾರುವುದೇ? ಅವಳು ಮೂರು ಹೊತ್ತೂ ಅದನ್ನೇ ಹೇಳಿ ಹೇಳಿ ವೆಂಕಪ್ಪನ ತಲೆ ತಿಂದಳು.

"ನಿನಗೆ ಬಿಪಿ ಅಲ್ಲ ಮಾರಾಯ್ತಿ, ಕುಶನ್ ಕಾಯಿಲೆ," ಎಂದ ವೆಂಕಪ್ಪ. "ಮಗಳು ಹಾಲುಕ್ಕಿಸಲಿಕ್ಕೆ ಕರೆದಿದ್ದಾಳಲ್ಲ, ಹೋಗುವ. ಊಟ ನಮ್ಮದೇ ಅಲ್ವಾ?"

ಹಾಲು ಉಕ್ಕಿಸುವ ದಿನ ಗಂಡ ಹೆಂಡತಿ ಬೆಳಿಗ್ಗೆಯೇ ಹೋಟೆಲಿನ ಪಾತ್ರೆಗಳೊಂದಿಗೆ ಜೋಕಾ ತಲುಪಿದರು. ಮಿಥುನ್ ಮತ್ತು ವೆಂಕಪ್ಪ ಲಿಫ್ಟಿನಲ್ಲಿ ಪಾತ್ರೆ ಸಾಗಿಸುತ್ತಿದ್ದರು. ಶರಣ್ಯಾ ಊರಿನಿಂದ ಬಂದಿದ್ದ ಅತ್ತೆ ಅನಸೂಯಮ್ಮನಿಗೆ ಸ್ನಾನದ ನೀರು ಹದ ಮಾಡುತ್ತಿದ್ದಳು. ಹಾಲ್‌ನಲ್ಲಿ ರತ್ನಾವತಿ ಒಬ್ಬಳೇ. ಎದುರಿಗೆ ಕೋಕಿಲಾ ಹಿಂದಿನ ಸಂಜೆ ಬಂದು ಜೋಡಿಸಿ ಹೋಗಿದ್ದ ಎಂಟು ಕುಶನ್ನುಗಳು.

ಅಳತೆ ಇವಳದೇ ಅಳತೆ. ಚೌಕ, ದಪ್ಪ, ಸಾಲಾಗಿ ಕಟ್ಟಲು ಪಟ್ಟಿ. ಆದರೆ ಪ್ರತಿಯೊಂದರ ನಡುವೆ ಒಂದು ದೊಡ್ಡ ದಾಸವಾಳ, ದಪ್ಪ ದಾರದ ಗಂಟುಗಳಿಂದ ಎತ್ತರವಾಗಿ ಎಬ್ಬಿಸಿದ್ದು. ಕೆಂಪೆಂದರೆ ಈಗ ತಾನೇ ಗಿಡದಿಂದ ಕಿತ್ತ ಕೆಂಪು. ರತ್ನಾವತಿ ಬಟನ್ ಹುಡುಕಿದಳು. ಈಚೆಗೂ ಇಲ್ಲ, ಆಚೆಗೂ ಇಲ್ಲ. ಹಿಂದುಗಡೆ ಬರೀ ಬಿಳಿ ಬಟ್ಟೆ, ಅಂಗಡಿಯ ಕುಶನ್ನಿಗೆ ಇರುವ ಹಾಗೆ. ಅಬ್ಬ, ಇಷ್ಟೆಲ್ಲ ಮಾಡಿ ಮೂಲವನ್ನೇ ಮರೆತಳಲ್ಲ! ತಲೆ ಎಲ್ಲಿ, ಕುಂಡೆ ಎಲ್ಲಿ ಎಂಬ ಭೇದವೇ ಇಲ್ಲ. ಕೆನ್ನೆ ಇಡುವ ಜಾಗದಲ್ಲಿ ಹಲಸಿನ ಮುಳ್ಳಿನ ಹಾಗೆ ಗಂಟು ಬೇರೆ. ಯಾರಿಗೂ ಹೇಳಬಾರದು, ತಾನಾಗಿ ಬಯಲಾಗಲಿ ಎಂದು ಅವಳು ನಿಶ್ಚಯಿಸಿದಳು. ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದ ಎದೆ ಹಗುರಾಯಿತು.

ಹಗುರಾದ ಎದೆ ಹಾಗೇ ಇರಬೇಕಿತ್ತು. ಕಣ್ಣು ಮತ್ತೆ ದಾಸವಾಳದ ಮೇಲೆ ಹೋಯಿತು. ಇನ್ನೊಂದು ಗಳಿಗೆಗೆ ಜನ ಬರುತ್ತಾರೆ. ಬಂದವರೆಲ್ಲ ಅಯ್ಯೋ ಎಷ್ಟು ಚಂದ ಎನ್ನುತ್ತಾರೆ. ತನ್ನ ಮಗಳ ಮನೆಯಲ್ಲಿ ನಿಂತು ತಾನು ಅದನ್ನು ನಗುತ್ತ ಕೇಳಬೇಕು. ಅದು ಆಗುವ ಮಾತಲ್ಲ. ರತ್ನಾವತಿ ಬಾಗಿಲ ಕಡೆ ಒಮ್ಮೆ ನೋಡಿ, ಎಂಟನ್ನೂ ಒಂದೊಂದಾಗಿ ಬೋರಲು ಹಾಕಿದಳು. ದಾಸವಾಳಗಳು ನೆಲ ಕಂಡವು. ಮೇಲೆ ಬರೀ ಬೋಳು ಬಿಳುಪು.

ಅವಳೆಣಿಸಿದ ಹಾಗೆಯೇ ಆಯಿತು. ಭಟ್ಟರು ಬಂದು ಕೂತರು, ಮಿಥುನ್‌ನ ಆಫೀಸಿನವರು ಕೂತರು, ಸಂಘದವರು ಕೂತರು. ಒಬ್ಬರೂ ಕುಶನ್ನಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಶರಣ್ಯಾ ಒಲೆ, ಆರತಿ, ಎಲೆ ಎಂದು ಒಳಗೇ ಇದ್ದಳು. ಕೋಕಿಲಾ ಬಂದದ್ದು ಪಂಕ್ತಿ ಕೂತ ಮೇಲೆ. ಬಡಿಸುವ ಕೈಗೆ ಕೈ ಸೇರಿಸಿದವಳು ನೆಲ ನೋಡಲಿಲ್ಲ. ರತ್ನಾವತಿ ಅವತ್ತು ಎರಡು ಸಲ ಪಾಯಸ ಹಾಕಿಸಿಕೊಂಡಳು.

ಊಟವಾದ ಮೇಲೆ ಅನಸೂಯಮ್ಮನಿಗೆ ರೈಲಿನ ಆಯಾಸ ಇನ್ನೂ ಬಿಟ್ಟಿರಲಿಲ್ಲ. "ಸ್ವಲ್ಪ ತಲೆ ಇಡ್ತೇನೆ ಮಗಾ," ಎಂದರು. ಶರಣ್ಯಾ ಉತ್ಸಾಹದಿಂದ ಹಾಲ್‌ಗೆ ಬಂದು, ಭಟ್ಟರು ಆಗಷ್ಟೇ ಎದ್ದು ಹೋಗಿದ್ದ ಕುಶನ್ನನ್ನೇ ಎತ್ತಿದಳು.

"ಅತ್ತೆ, ಇದು ಸ್ಪೆಷಲ್. ಹೂವಿನ ಬದಿ ಕೂತ್ಕೊಳ್ಳಿಕ್ಕೆ, ಬಿಳಿ ಬದಿ ತಲೆಗೆ ಮಾತ್ರ. ನಮ್ಮನೇಲಿ ಅಮ್ಮ ಬಟನ್ ಹಾಕ್ತಾಳಲ್ಲ, ಅದೇ ರೂಲ್. ನಾನೇ ಆಂಟಿಗೆ ಹೇಳಿದ್ದು, ಅಮ್ಮಂದು ಹೇಗೋ ಹಾಗೇ ಬೇಕು ಅಂತ. ಆಂಟಿಗೆ ಬಟನ್ ಬಿಗೀಲಿಕ್ಕೆ ಬರ್ಲಿಲ್ಲ, ಅದಕ್ಕೆ ದಾಸವಾಳ..."

ಅವಳ ಮಾತು ಅಲ್ಲೇ ನಿಂತಿತು. ಕೈಯಲ್ಲಿದ್ದ ಕುಶನ್ನಿನ ಬಿಳಿ ಬದಿ ಕೂತು ಕೂತು ಕುಗ್ಗಿತ್ತು, ಯಾರದೋ ಪಂಚೆಯ ಕುಂಕುಮವೂ ಅಂಟಿತ್ತು. ನೆಲದ ಮೇಲೆ ಉಳಿದ ಏಳೂ ಬಿಳಿ ಮೇಲೆ ಮಾಡಿಕೊಂಡೇ ಬಿದ್ದಿದ್ದವು.

ಅನಸೂಯಮ್ಮ ನೋಡಿದರು. "ಬೆಳಿಗ್ಗೆಯಿಂದ ಎಲ್ಲ ಕೂತದ್ದು ಇದರ ಮೇಲೆಯೇ ಅಲ್ವಾ? ಇದಕ್ಕೆ ನಾನು ತಲೆ ಇಡುದಾ? ಬೇಡ ಮಗಾ, ನನ್ನ ಶಾಲು ಉಂಟು." ಆಮೇಲೆ ಕೋಕಿಲಾಳ ಕಡೆ ತಿರುಗಿದರು. "ಚಂದ ಮಾಡ್ಲಿಕ್ಕೆ ಬರ್ತದೆ ನಿಮಗೆ. ಕ್ರಮ ಗೊತ್ತಿಲ್ಲ."

"ಇಲ್ಲಮ್ಮ, ನಾನು ಹೂವು ಮೇಲೆ ಮಾಡೇ ಇಟ್ಟಿದ್ದೆ," ಎಂದಳು ಕೋಕಿಲಾ. ಅವಳ ಮುಖ ಇಷ್ಟೇ ಇಷ್ಟಾಗಿತ್ತು. "ಎಂಟನ್ನೂ ನಾನೇ ನೋಡಿ ಇಟ್ಟಿದ್ದೆ. ಇಲ್ಲ, ನಾನೇ ಏನಾದ್ರೂ ಮರೆತ್ನೋ..."

ಚಂದ ಮಾಡಲಿಕ್ಕೆ ಬರುತ್ತದೆ, ಕ್ರಮ ಗೊತ್ತಿಲ್ಲ. ಈ ಮಾತನ್ನು ಯಾರಾದರೂ ನಾಲ್ಕು ಜನರ ಎದುರು ಹೇಳಬೇಕೆಂದು ರತ್ನಾವತಿ ಎಷ್ಟು ದಿನದಿಂದ ಕಾದಿದ್ದಳು! ಈಗ ಅದು ಬಂದಿತ್ತು, ಬಯಸಿದ ಬಾಯಿಂದ, ಬಯಸಿದ ಹೊತ್ತಿಗೆ. ಆದರೆ ಏಟು ಬಿದ್ದದ್ದು ಅವಳ ಸ್ವಂತ ಬಟನ್ನಿಗೆ. ಮಗಳು ಬೇಲಿ ಹಾರಿರಲಿಲ್ಲ. ಅಮ್ಮನ ಬೆರಳನ್ನು ಉಳಿಸಿ, ಅಮ್ಮನ ಕ್ರಮವನ್ನು ತನ್ನ ಹೊಸ ಮನೆಗೆ ಹೊತ್ತು ತಂದಿದ್ದಳು. ಅದನ್ನು ಬೋರಲು ಹಾಕಿದವಳು ತಾನು. ಸುಮ್ಮನಿದ್ದರೆ ಕೋಕಿಲಾಳ ಹೆಸರು ಈ ಮನೆಯಲ್ಲಿ ಇವತ್ತಿಗೆ ಮುಗಿಯುತ್ತಿತ್ತು. ಅವಳು ಸುಮ್ಮನಿರಲು ನೋಡಿದಳು ಕೂಡ. ಅಷ್ಟರಲ್ಲಿ ಶರಣ್ಯಾ ಆ ಕುಶನ್ನನ್ನು ಎದೆಗೆ ಹಿಡಿದುಕೊಂಡು ಕಣ್ಣು ತುಂಬಿಕೊಂಡು ನಿಂತದ್ದು ಕಾಣಿಸಿತು.

"ನಾನೇ ತಿರುಗಿಸಿದ್ದು," ಎಂದಳು ರತ್ನಾವತಿ.

"ನೀನಾ? ಯಾಕಮ್ಮಾ?"

ಗೊತ್ತಾಗಲಿಲ್ಲ ಎನ್ನಬಹುದಿತ್ತು, ಕೊಳೆಯಾಗುತ್ತದೆ ಎಂದು ತಿರುಗಿಸಿದೆ ಎನ್ನಬಹುದಿತ್ತು. ನಾಲಿಗೆಗೆ ಬಂದದ್ದು ನಿಜವೇ.

"ಹೂವು ಚಂದ ಇತ್ತು. ಅದಕ್ಕೆ."

ಅನಸೂಯಮ್ಮ ಶಾಲು ಮಡಚಿ ತಲೆಯಡಿ ಇಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಶರಣ್ಯಾ ತಾಯಿಯ ಮುಖ ನೋಡದೆ ಒಳಗೆ ಹೋದಳು. ವೆಂಕಪ್ಪ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದ.

ರತ್ನಾವತಿ ನೆಲಕ್ಕೆ ಕೂತು ಗವುಸುಗಳ ಜಿಪ್ ಬಿಚ್ಚತೊಡಗಿದಳು. ಒಗೆದರೆ ಮೈಲಿಗೆ ಹೋಗುತ್ತದೆ, ಅಷ್ಟಾದರೂ ತನ್ನ ಕೈಯಿಂದಲೇ ಆಗಲಿ. ನೋಯುವ ಬೆರಳಿಗೆ ಜಿಪ್ ಸಿಕ್ಕಲಿಲ್ಲ. ಆಗ ಪಕ್ಕದಲ್ಲಿ ಯಾರೋ ಬಂದು ಕೂತು ಇನ್ನೊಂದು ಕುಶನ್ನನ್ನು ಎಳೆದುಕೊಂಡರು. ಕೋಕಿಲಾ. ಇಬ್ಬರೂ ಸೇರಿ ಒಂದೊಂದೇ ಗವುಸು ಬಿಚ್ಚಿದರು.

"ರತ್ನಕ್ಕ," ಎಂದಳು ಕೋಕಿಲಾ ಮೆಲ್ಲಗೆ, "ಈಗಲಾದ್ರೂ ಹೇಳಿ. ಆ ಬಟನ್ನ ಒಳಗಿಂದ ಹೇಗೆ ಬಿಗೀತೀರಿ?"

"ಅದು ಹೇಳುದಿಲ್ಲ," ಎಂದಳು ರತ್ನಾವತಿ.

ವೆಂಕಪ್ಪ ಪಾತ್ರೆಗಳ ಜೊತೆ ವ್ಯಾನಿನಲ್ಲಿ ಹೋದ. ಅವನ ಪಕ್ಕ ಕೂತು ದಾರಿಯುದ್ದಕ್ಕೂ ಅವನ ಮೌನ ಕೇಳುವ ಧೈರ್ಯವಿಲ್ಲದೆ ರತ್ನಾವತಿ ಮೆಟ್ರೊ ಹತ್ತಿದಳು. ಹೊರಡುವಾಗ ಶರಣ್ಯಾ ಬಾಗಿಲಿಗೆ ಬಂದು, "ಒಗೆದು ನೀನೇ ತಗೊಂಡು ಬಾ. ಅಪ್ಪನ ಹತ್ರ ಕಳಿಸ್ಬೇಡ," ಎಂದಿದ್ದಳು. ಸಿಟ್ಟು ಹೋಗಿರಲಿಲ್ಲ. ಆದರೂ ಬಾ ಎಂದಿದ್ದಳು. ರತ್ನಾವತಿ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಳು.

ಎಂಟು ಗವುಸುಗಳೂ ತೊಡೆಯ ಮೇಲಿದ್ದವು. ಕುಂಕುಮದ ಕಲೆ ಸೀರೆಗೆ ತಾಗದಿರಲಿ ಎಂದು ಬಿಳಿ ಬದಿಗಳನ್ನು ಒಳಗೆ ಮಾಡಿ ಮಡಚಿದ್ದಳು. ಹಾಗಾಗಿ ದಾಸವಾಳ ಮೇಲೆ ಬಂದಿತ್ತು. ಎದುರು ಸೀಟಿನ ಬಂಗಾಳಿ ಹೆಂಗಸು ಅದನ್ನೇ ನೋಡುತ್ತಿದ್ದವಳು ತಡೆಯಲಾರದೆ ಮುಂದೆ ಬಾಗಿ, "ಬಹಳ ಸುಂದರವಾಗಿದೆ ದೀದಿ, ನೀವೇ ಮಾಡಿದ್ದಾ?" ಎಂದು ಬಂಗಾಳಿಯಲ್ಲಿ ಕೇಳಿದಳು.

ರತ್ನಾವತಿ ದಾಸವಾಳದ ಮೇಲೆ ಅಂಗೈ ಊರಿದಳು. ಗಂಟುಗಳು ಒತ್ತಿದವು. ಹೌದು ಎಂದರೆ ಈ ಹೆಂಗಸು ನಂಬುತ್ತಾಳೆ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹೋಗುತ್ತಾಳೆ.

"ಇಲ್ಲ. ಬೇರೆಯವಳು ಮಾಡಿದ್ದು," ಎಂದಳು ಅವಳದೇ ಭಾಷೆಯಲ್ಲಿ.

ಹೆಂಗಸು ತಲೆದೂಗಿ ಕಿಟಕಿಯ ಕಡೆ ತಿರುಗಿದಳು. ರೈಲು ಒಂದು ಸ್ಟೇಷನ್ ದಾಟಿತು. ರತ್ನಾವತಿಗೆ ತಡೆಯಲಾಗಲಿಲ್ಲ. ಅವಳು ಮುಂದಕ್ಕೆ ಬಾಗಿ ಆ ಹೆಂಗಸಿನ ಮೊಣಕಾಲು ತಟ್ಟಿದಳು.

"ಹೂವು ಅವಳದು," ಎಂದಳು. "ಆದರೆ ಬಟನ್ ನನ್ನದು."

ಹೆಂಗಸು ಗವುಸಿನ ಮೇಲೆಲ್ಲ ಕಣ್ಣಾಡಿಸಿ ಬಟನ್ ಹುಡುಕತೊಡಗಿದಳು.