ತುಂಬೆ ಬಿಡಿಸುವ ಕೈ

ಮದುವೆಯಾಗಿ ವಿಜಯನಗರಕ್ಕೆ ಬಂದಾಗ ನಮ್ಮ ಕ್ರಾಸಿನಲ್ಲಿ ಇದ್ದದ್ದು ಐದೇ ಮನೆ. ಕೊನೆಯದು ನಮ್ಮದು. ಅದರಾಚೆ ರಾಗಿ ಹೊಲ, ಹೊಲದಾಚೆ ಒಂದು ಸಣ್ಣ ಕೆರೆ. ಎಪ್ಪತ್ತರ ದಶಕದ ನಡುವಿನ ಮಾತು ಇದು. ಮನೆಯಲ್ಲಿ ನಾನು, ನಮ್ಮ ಮನೆಯವರು, ಅತ್ತೆ. ಅತ್ತೆ ಹಾವೇರಿ ಕಡೆಯವರು. ಮಾವ ತೀರಿಕೊಂಡ ಮೇಲೆ ಹಿರಿಯ ಮಗನ ಹತ್ತಿರ ಇದ್ದವರು, ಕಿರಿಯ ಮಗನ ಸಂಸಾರ ನೋಡಬೇಕೆಂದು ಬಂದು ಇಲ್ಲೇ ಉಳಿದಿದ್ದರು.

ಅವರ ಲಿಂಗಪೂಜೆಗೆ ದಿನವೂ ತುಂಬೆ ಹೂವು ಬೇಕು. ನನ್ನ ತವರಲ್ಲೂ ಲಿಂಗಪೂಜೆ ಇತ್ತು, ಆದರೆ ಹೂವನ್ನು ಬುಟ್ಟಿಯವಳು ಬಾಗಿಲಿಗೆ ತಂದು ಕೊಡುತ್ತಿದ್ದಳು. ತುಂಬೆಯನ್ನು ಯಾರೂ ಮಾರುವುದಿಲ್ಲ. ಬೇಲಿಯ ಬುಡದಲ್ಲಿ, ಕೆರೆ ಏರಿಯ ಮೇಲೆ ತಾನಾಗಿ ಬೆಳೆಯುವ ಗಿಡ ಅದು. ಬಿಳಿಯ ಹೂವು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಅತ್ತೆಗೆ ಮಂಡಿನೋವು ಶುರುವಾದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ದಿನ ಹೂವಿದ್ದ ಗಿಡಗಳನ್ನೇ ಬೇರುಸಹಿತ ಕಿತ್ತು, ಸೊಪ್ಪಿನ ಕಂತೆಯಂತೆ ಕಟ್ಟಿ ತಂದೆ. ಕಾನ್ವೆಂಟಿನಲ್ಲಿ ಕರವಸ್ತ್ರದ ಅಂಚಿಗೆ ಕಸೂತಿ ಹಾಕುವುದನ್ನು ಕಲಿಸಿದ್ದರು, ಇದನ್ನು ಕಲಿಸಿರಲಿಲ್ಲ. ಅತ್ತೆ ಕಂತೆ ನೋಡಿ ಹಣೆಗೆ ಕೈ ಇಟ್ಟುಕೊಂಡರು.

"ಏ ಹುಚ್ಚಿ, ಗಿಡಾನ ಕಿತ್ತಿಯಲ್ಲ. ನಾಳಿಗೆ ದೇವರಿಗೆ ಬ್ಯಾಡೇನು?"

ನಮ್ಮ ತವರಲ್ಲಿ ಕೆಲಸದವಳನ್ನೂ ಯಾರೂ ಹುಚ್ಚಿ ಅಂದವರಲ್ಲ. ಶಾಲೆಯಲ್ಲಿ ಅಂದಿದ್ದರೆ ಸಿಸ್ಟರು ಮಂಡಿಯೂರಿ ನಿಲ್ಲಿಸುತ್ತಿದ್ದರು. ಅತ್ತೆ ಆಮೇಲೂ ಅನ್ನುತ್ತಲೇ ಇದ್ದರು. ಸಾರಿಗೆ ಉಪ್ಪು ಮರೆತರೆ ಹುಚ್ಚಿ, ಮಳೆಯಲ್ಲಿ ನೆನೆದು ಬಂದರೆ ಹುಚ್ಚಿ. ಎದುರಾಡುವುದು ನನಗೆ ಬರುತ್ತಿರಲಿಲ್ಲ. ಮಾತು ಕಡಿಮೆ ಮಾಡಿದೆ. ಊಟಕ್ಕೆ ಬನ್ನಿ, ನೀರು ಕಾದಿದೆ, ಅಷ್ಟೇ.

ಮನೆಯವರಿಗೆ ಒಮ್ಮೆ ಹೇಳಿದೆ. "ಅವ್ವ ಮಾತಾಡೋದೇ ಹಂಗೆ, ಬಿಡು," ಎಂದು ಪೇಪರ್ ಮಡಿಸಿಟ್ಟು ಸ್ನಾನಕ್ಕೆ ಹೋದರು.

ಹೀಗೆ ದಿನವೂ ಬೆಳಗ್ಗೆ ಒಂದು ಗಂಟೆ ಹೊತ್ತು ಏರಿಯ ಮೇಲೆ ನಾನೊಬ್ಬಳೇ. ತುಂಬೆಯನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪವೇ ಎಳೆಯಬೇಕು; ಹೂವು ತೊಟ್ಟಿನಿಂದ ತಾನಾಗಿ ಜಾರಿ ಬರುತ್ತದೆ. ಒತ್ತಿದರೆ ಎಸಳು ಹರಿಯುತ್ತದೆ, ಹರಿದದ್ದು ಪೂಜೆಗೆ ಸಲ್ಲದು. ಮೊದಮೊದಲು ಕೈ ಹೂವಿನ ಮೇಲಿದ್ದರೂ ಮನಸ್ಸು ಅಡುಗೆಮನೆಯಲ್ಲೇ ಇರುತ್ತಿತ್ತು. ಅವರು ಹೀಗಂದರು, ನಾನು ಹೀಗನ್ನಬೇಕಿತ್ತು. ಅಂಥ ದಿನ ಬಟ್ಟಲ ತುಂಬ ಹರಿದ ಹೂವು. ಎರಡಕ್ಕೂ ಸಂಬಂಧವಿದೆ ಎಂದು ತಿಳಿಯಲು ಎಷ್ಟೋ ವಾರ ಹಿಡಿಯಿತು.

ನಿಧಾನವಾಗಿ ಸುಮ್ಮನೆ ನೋಡುವುದು ಅಭ್ಯಾಸವಾಯಿತು. ಹೂವಿನ ಮೇಲೆ ಜೇನ್ನೊಣ ಕುಳಿತಿದ್ದರೆ ಅದು ಏಳುವವರೆಗೆ ಕಾಯಬೇಕು. ಅದರ ಭಾರಕ್ಕೆ ಗಿಡ ಒಂದಿಷ್ಟು ಬಾಗುವುದು, ಹಾರಿದ ಮೇಲೆ ನೆಟ್ಟಗಾಗುವುದು. ಹಾಗೆ ಕಾದು ಬಂದ ದಿನ, ಯಾಕೋ, ಮನೆಯಲ್ಲೂ ನನಗೆ ಅವಸರ ಇರುತ್ತಿರಲಿಲ್ಲ. ಅತ್ತೆಯ ಚಾಪೆಯ ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಜಿಡ್ಡಿನ ಗುರುತೊಂದಿತ್ತು. ಎಷ್ಟು ಒರೆಸಿದರೂ ಮತ್ತೆ ಮೂಡುತ್ತದೆಂದು ಒಳಗೊಳಗೇ ಗೊಣಗುತ್ತಿದ್ದೆ. ಏಳುವಾಗ ನೋವಿಗೆ ಅವರು ಅಲ್ಲಿ ಕೈ ಊರುತ್ತಾರೆ ಎಂಬುದು ಅಂಥದೊಂದು ಬೆಳಗ್ಗೆ ಕಣ್ಣಿಗೆ ಬಿತ್ತು.

ಆದರೆ ಆ ಮನಸ್ಸು ದಿನವೂ ಇರುತ್ತಿರಲಿಲ್ಲ. ಆಷಾಢ ಮುಗಿಯುವ ಹೊತ್ತಿಗೆ ಅತ್ತೆ ಪಕ್ಕದ ಮನೆಯವರ ಮುಂದೆ "ಈಕಿ ನಮ್ಮ ಹುಚ್ಚಿ" ಎಂದು ನಗುತ್ತಾ ನನ್ನನ್ನು ತೋರಿಸಿದರು. ನಾನು ಒಳಗೆ ಹೋಗಿ ಇನ್‌ಲ್ಯಾಂಡ್ ಲೆಟರ್ ತೆಗೆದು ಭಾವನವರಿಗೆ ಬರೆದೆ. ಅತ್ತೆಗೆ ಇಲ್ಲಿಯ ಹವಾ ಒಗ್ಗುತ್ತಿಲ್ಲ, ಬಂದು ಕರೆದುಕೊಂಡು ಹೋಗಿ. ಮನೆಯವರಿಗೆ ಹೇಳದೆ ಡಬ್ಬಕ್ಕೆ ಹಾಕಿ ಬಂದೆ.

ಮೂರನೆಯ ದಿನ ಶ್ರಾವಣದ ಮೊದಲ ಸೋಮವಾರ. "ಇವತ್ತ ನಾನೂ ಬರ್ತೀನಿ," ಎಂದರು ಅತ್ತೆ. ನಿಂತು ನಿಂತು ಏರಿ ಹತ್ತಿದೆವು. ಹೂವಿಗೆ ಬಾಗುವಷ್ಟರಲ್ಲಿ ಒಂದು ಹಕ್ಕಿ ತಲೆಯ ಮೇಲೆ ಸುತ್ತುತ್ತಾ ಕೂಗತೊಡಗಿತು. ಉದ್ದನೆಯ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು. ಟಿಟ್ಟಿಭ ಎಂದು ಆಮೇಲೆ ತಿಳಿಯಿತು. ಅತ್ತೆ ನೆಲ ನೋಡಿ ನಿಂತುಬಿಟ್ಟರು. ನನ್ನ ಕಾಲಿನಿಂದ ಒಂದು ಗೇಣು ದೂರದಲ್ಲಿ, ಕಲ್ಲುಗಳ ನಡುವೆ, ಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ. ಅವರು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡು, ಹಕ್ಕಿಯ ಕಡೆ ಮುಖ ಎತ್ತಿದರು.

"ಅಂಜಬ್ಯಾಡ ಹುಚ್ಚಿ. ನಾವೇನ್ ಮಾಡಂಗಿಲ್ಲ. ಹೋಗ್ತೀವಿ, ಹೋಗ್ತೀವಿ."

ಅದೇ ಮಾತು, ಅದೇ ದನಿ. ಇಷ್ಟು ತಿಂಗಳು ಮಾತು ಮಾತ್ರ ಕಿವಿಗೆ ಬಿದ್ದಿತ್ತು. ದನಿ ಕೇಳಿಸಿದ್ದು ಅಲ್ಲಿ, ಬೇರೊಂದು ಜೀವಕ್ಕೆ ಅಂದಾಗ. ನಮ್ಮ ತವರಲ್ಲಿ ಮುದ್ದಿಗೆ ಪುಟ್ಟಿ ಎನ್ನುವಂತೆ ಅವರದು ಹುಚ್ಚಿ.

ಹಿಂದಿರುಗುವ ದಾರಿಯಲ್ಲಿ ಹೇಳಿದೆ. "ಅತ್ತೆ, ನಾನು ಭಾವನವರಿಗೆ ಕಾಗದ ಬರ್ದಿದೀನಿ. ನಿಮ್ಮನ್ನ ಕರ್ಕೊಂಡ್ ಹೋಗಿ ಅಂತ."

ಅವರು ನಡೆಯುತ್ತಲೇ ಇದ್ದರು. "ಗೊತ್ತೈತಿ."

"ಹೇಗೆ ಗೊತ್ತಾಯ್ತು?"

"ನನಗ ಓದಾಕ ಬರಂಗಿಲ್ಲ, ಮಾರಿ ನೋಡಾಕ ಬರ್ತೈತಿ. ಮೂರ ದಿನಾತು, ನೀ ನನ್ನ ಮಾರಿ ನೋಡಿಲ್ಲ."

ವಾರ ಕಳೆದು ಭಾವ ಬಂದಿಳಿದರು. ಉಪ್ಪಿಟ್ಟು ಬಡಿಸಿ ಅಲ್ಲೇ ನಿಂತು ಹೇಳಿದೆ. "ಭಾವ, ತಪ್ಪಾಯ್ತು. ಅತ್ತೆಗೆ ಇಲ್ಲಿ ಹವಾ ಚೆನ್ನಾಗೇ ಒಗ್ಗಿದೆ. ನನಗೇ ಅವರ ಮಾತು ಒಗ್ಗಿರಲಿಲ್ಲ. ಅವರು ಇಲ್ಲೇ ಇರಲಿ."

ನಮ್ಮ ಮನೆಯವರಿಗೆ ವಿಷಯ ತಿಳಿದದ್ದೇ ಆಗ. ಅವರು ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಭಾವ ತಟ್ಟೆ ನೋಡುತ್ತಾ, "ಹಂಗಾರ ನಾ ಉಪ್ಪಿಟ್ಟ ತಿನ್ನಾಕ ಇಷ್ಟ ದೂರ ಬಂದಂಗಾತು," ಎಂದರು. ನಕ್ಕವರು ಅತ್ತೆ ಒಬ್ಬರೇ. ಅವರ ಟ್ರಂಕು ಆಗಲೇ ತುಂಬಿ ನಿಂತಿತ್ತು.

"ಬಂದಾನ, ಒಬ್ಬನ್ನ ಹೆಂಗ ಕಳಸೂದು. ದೀಪಾವಳಿಗೆ ಬರ್ತೀನಿ," ಎಂದರು.

ಆ ಮಾತನ್ನು ನಂಬುವ ಧೈರ್ಯ ನನಗಿರಲಿಲ್ಲ. ಅವರು ಹೋದ ಮೇಲೂ ದಿನವೂ ಏರಿಗೆ ಹೋದೆ. ಬಿಡಿಸಿ ತಂದ ಹೂವನ್ನು ಅವರು ಪೂಜೆಗೆ ಕೂರುತ್ತಿದ್ದ ಮಣೆಯ ಮೇಲೆ ಇಡುತ್ತಿದ್ದೆ; ಮಧ್ಯಾಹ್ನದೊಳಗೆ ಬಾಡುತ್ತಿತ್ತು. ಗೋಡೆಯ ಗುರುತನ್ನು ಒರೆಸಲಿಲ್ಲ. ದೀಪಾವಳಿ ಬಂತು, ಕಳೆಯಿತು. ಅತ್ತೆ ಬರಲಿಲ್ಲ.

ಮತ್ತೊಂದು ಇನ್‌ಲ್ಯಾಂಡ್ ತೆಗೆದೆ. ಭಾವನವರೇ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕೆಂದು ಗೊತ್ತಿದ್ದೂ ಬರೆದೆ. ಏರಿಯ ಮೇಲೆ ತುಂಬೆ ಇನ್ನೂ ಇದೆ. ಗಿಡ ಕಿತ್ತಿಲ್ಲ. ಬನ್ನಿ. ಇಂತಿ ನಿಮ್ಮ ಹುಚ್ಚಿ.

ಹತ್ತು ದಿನದ ಮೇಲೆ ಒಂದು ಬೆಳಗ್ಗೆ ಬಟ್ಟಲು ಹಿಡಿದು ಹೊಲದ ದಾರಿಯಲ್ಲಿ ಬರುವಾಗ ನಮ್ಮ ಗೇಟಿನೊಳಗೆ ಟ್ರಂಕು ಕಂಡಿತು. ಅದರ ಮೇಲೆ ಅತ್ತೆ ಕುಳಿತಿದ್ದರು. ಭಾವ ಒಳಗೆ ಮುಖ ತೊಳೆಯುವ ಸದ್ದು. ಅತ್ತೆ ಕೈಚಾಚಿ ಬಟ್ಟಲು ತೆಗೆದುಕೊಂಡು, ಹೂವುಗಳನ್ನು ಬೆರಳಿಂದ ಸರಿಸಿ ಸರಿಸಿ ನೋಡಿದರು.

"ಒಂದ ಹರದೈತಿ," ಎಂದರು.

ಅದನ್ನು ಆರಿಸಿ ತೆಗೆದು, ನನ್ನನ್ನು ಬಗ್ಗಿಸಿ ತುರುಬಿಗೆ ಸಿಕ್ಕಿಸಿದರು. ಮುಡಿಯಲ್ಲಿ ನಿಲ್ಲುವಷ್ಟು ದೊಡ್ಡದಲ್ಲ ಆ ಹೂವು. ಅವರ ಕೈ ಹಿಡಿದು ಒಳಗೆ ಕರೆತರುವಷ್ಟರಲ್ಲಿ ಎಲ್ಲೋ ಬಿದ್ದು ಹೋಗಿತ್ತು.