ಫೋನಿನಲ್ಲಿ ಬಂದ ನನ್ನ ಹೆಸರು

ಬೀದರಿನಲ್ಲಿ ಕೂತು ಟಿಬಿ ರೋಗಿಗಳಿಗೆ ಫೋನ್ ಮಾಡಿ, ಗುಳಿಗೆ ನುಂಗಿದಿರಾ ಎಂದು ಕೇಳುವುದು ನನ್ನ ಕೆಲಸ. ರೋಗದ ಹೆಸರು ಮಾತ್ರ ಎತ್ತುವುದಿಲ್ಲ. ಅವತ್ತು ಖಟಕ ಚಿಂಚೋಳಿಯ ಹೊಸ ಸೊಸೆಯೊಬ್ಬಳಿಗೆ ಮಾಡಿದರೆ, ಅವಳ ಅತ್ತೆ ಎತ್ತಿದರು.

“ನಾ ಆಕಿ ಗೆಳತಿರಿ” ಎಂದೆ.

“ಫೋನಿನಾಗ ‘ಟಿಬಿ ಸಿಸ್ಟರ್’ ಅಂತ ಬಂದದಲ್ರಿ! ನಮ್ಮ ಸೊಸಿಗಿ ಏನಾಗ್ಯಾದ್ರಿ?”

ನಮ್ಮ ಕಡೆ ನಂಬರನ್ನು ಕೆಲಸದ ಹೆಸರಿನಲ್ಲೇ ಸೇವ್ ಮಾಡುತ್ತಾರೆ. ಯಾವ ರೋಗಿಯೋ ಹಾಗೆ ಬರೆದುಕೊಂಡದ್ದನ್ನು, ನಂಬರಿನ ಹೆಸರು ತೋರಿಸುವ ಆ್ಯಪ್ ಊರಿಗೆಲ್ಲ ಹಂಚಿತ್ತು. ಸೊಸೆಯನ್ನು ಔರಾದಿನ ತವರಿಗೆ ಕಳಿಸಿಬಿಟ್ಟರು. ಅವಳೀಗ ನನ್ನ ಫೋನ್ ಎತ್ತುವುದಿಲ್ಲ. ಗುಳಿಗೆ ನುಂಗುತ್ತಾಳೋ ಇಲ್ಲವೋ.

ಹೊಸ ಸಿಮ್ ತಗೊಂಡು ಮೊದಲು ನೌಬಾದದ ರೋಗಿಯೊಬ್ಬರಿಗೆ ಫೋನ್ ಮಾಡಿ, ಇದು ನನ್ನ ಹೊಸ ನಂಬರ್ ಎಂದೆ.

“ಚಲೋ ಆಯ್ತು ಬಿಡ್ರಿ” ಎಂದರು. “ಈಗೇ ಸೇವ್ ಮಾಡ್ಕೋತೇನಿ, ‘ಟಿಬಿ ಸಿಸ್ಟರ್ ಹೊಸಾದು’ ಅಂತ.”